ಮುಚ್ಚಳ ತೆಗೆದ ತಕ್ಷಣ ಬಾವೊ ಮುದುಡಿಕೊಳ್ಳುತ್ತದೆ, ಯಾಕೆ?

ಕಡಲತೀರದ_ಅಡುಗೆಮನೆ
ಎಲ್ಲರಿಗೂ ನಮಸ್ಕಾರ. ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಚೀನೀ ಬನ್, ಅಂದರೆ ಬಾವೊ, ಮನೆಯಲ್ಲಿ ಮಾಡುವವರು ಇಲ್ಲಿ ಯಾರಾದರೂ ಇದ್ದೀರಾ?

ನನ್ನ ಅಳತೆ ಹೀಗಿದೆ. ಮೈದಾ 500 ಗ್ರಾಂ, ಇನ್‌ಸ್ಟಂಟ್ ಈಸ್ಟ್ 5 ಗ್ರಾಂ, ಸಕ್ಕರೆ ಎರಡು ಚಮಚ, ಎಣ್ಣೆ ಒಂದು ಚಮಚ, ಉಗುರುಬೆಚ್ಚಗಿನ ನೀರು 260 ಎಂಎಲ್. ನಾದಿ ಒಂದು ಗಂಟೆ ಮುಚ್ಚಿಡುತ್ತೇನೆ. ಆಮೇಲೆ ಉಂಡೆ ಮಾಡಿ, ಲಟ್ಟಿಸಿ, ಎಲೆಕೋಸು-ಅಣಬೆ ಹೂರಣ ತುಂಬುತ್ತೇನೆ. ಮತ್ತೆ ಮುಕ್ಕಾಲು ಗಂಟೆ ಬಿಟ್ಟು ಇಡ್ಲಿ ಪಾತ್ರೆಯಲ್ಲಿ 15 ನಿಮಿಷ ಬೇಯಿಸುತ್ತೇನೆ.

ಒಳಗಿರುವಾಗ ದುಂಡಗೆ ಚೆನ್ನಾಗಿ ಉಬ್ಬಿರುತ್ತದೆ. ಮುಚ್ಚಳ ತೆಗೆದು ಹತ್ತು ಎಣಿಸುವಷ್ಟರಲ್ಲಿ ಸುಕ್ಕುಗಟ್ಟಿ ಕುಸಿಯುತ್ತದೆ. ಮೇಲೆ ಅಲ್ಲಲ್ಲಿ ಹಳದಿ ಕಲೆ ಬೇರೆ, ಅಗಿದರೆ ಆ ಜಾಗ ರಬ್ಬರು. ರುಚಿ ಪರವಾಗಿಲ್ಲ, ಮನೆಯವರು ತಿನ್ನುತ್ತಾರೆ. ಆದರೆ ಬಂದವರ ಮುಂದೆ ಇಡುವ ಹಾಗಿಲ್ಲ. ವಿಡಿಯೊ ಮಾಡುವವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಊರು ಮಂಗಳೂರು, ಈಗ ಹೇಗೂ ಸೆಕೆ.

ತಿಂಡಿಪೋತ
ಮುಚ್ಚಳ ಬೇಗ ತೆಗೆಯುತ್ತಿದ್ದೀರಿ, ಅಷ್ಟೇ. ಒಲೆ ಆರಿಸಿ ಐದು ನಿಮಿಷ ಸುಮ್ನೆ ಬಿಡಿ.

ಶಾಂಘೈ_ರಿಟರ್ನ್
ಮುಚ್ಚಳದ ಮಾತು ಸರಿ, ಆದರೆ ಅದು ಅರ್ಧ ಉತ್ತರ. ಸರಿಯಾಗಿ ಉಬ್ಬಿದ ಬಾವೊ ಮುಚ್ಚಳ ದಿಢೀರ್ ಅಂತ ತೆಗೆದರೆ ಸ್ವಲ್ಪ ಸುಕ್ಕಾಗಬಹುದು, ಹೀಗೆ ಪೂರ್ತಿ ಕುಸಿಯುವುದಿಲ್ಲ. ಅಲ್ಲಿ ಬೀದಿ ಅಂಗಡಿಯವರು ಬೆಳಗಿನ ಜಾವದಿಂದ ಗಿರಾಕಿ ಬಂದಾಗಲೆಲ್ಲ ಮುಚ್ಚಳ ಎತ್ತುತ್ತಲೇ ಇರುತ್ತಾರೆ. ಅವರದ್ದು ಕುಸಿಯುತ್ತಾ?

ನನ್ನ ಪ್ರಕಾರ ಇದು ಎರಡನೇ ಸಲದ ಉಬ್ಬಿನ ಸಮಸ್ಯೆ. ಮಂಗಳೂರಿನ ಸೆಕೆಯಲ್ಲಿ ಮುಕ್ಕಾಲು ಗಂಟೆ ತುಂಬಾ ಜಾಸ್ತಿ. ಈಸ್ಟ್ ಗಾಳಿ ತುಂಬುತ್ತಲೇ ಹೋಗುತ್ತದೆ. ಕಣಕ ಹಿಗ್ಗಿ ಹಿಗ್ಗಿ ಅದರ ಕಸುವೆಲ್ಲ ಹೋಗುತ್ತದೆ. ಹಬೆಯ ಬಿಸಿಗೆ ಆ ಗಾಳಿ ಇನ್ನೂ ಹಿಗ್ಗುವುದರಿಂದ ಪಾತ್ರೆಯೊಳಗೆ ಚೆಂದ ಕಾಣುತ್ತದೆ. ಹೊರಗಿನ ತಂಪು ತಾಗಿದ ಕೂಡಲೇ ಒಳಗಿನ ಹಬೆ ನೀರಾಗುತ್ತದೆ, ಗಾಳಿ ಕುಗ್ಗುತ್ತದೆ. ಆಗ ಆಕಾರ ಹಿಡಿದು ನಿಲ್ಲಿಸಲು ಗಟ್ಟಿ ಗೋಡೆಯೇ ಇರುವುದಿಲ್ಲ.

ಗಡಿಯಾರ ನೋಡಬೇಡಿ, ಕೈಯಲ್ಲಿ ನೋಡಿ. ಹೂರಣ ತುಂಬಿದ ಕೂಡಲೇ ಒಂದು ಬಾವೊ ಅಂಗೈ ಮೇಲಿಟ್ಟು ಭಾರ ನೆನಪಿಟ್ಟುಕೊಳ್ಳಿ. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಎತ್ತಿ. ತೂಕ ಅಷ್ಟೇ ಇದ್ದರೂ ಕೈಗೆ ಹಗುರ ಅನ್ನಿಸಬೇಕು. ಬೆರಳ ತುದಿಯಲ್ಲಿ ಮೆತ್ತಗೆ ಒತ್ತಿದರೆ ಗುಳಿ ನಿಧಾನವಾಗಿ ಮೇಲೆ ಬರಬೇಕು. ಗುಳಿ ಹಾಗೇ ನಿಂತರೆ ಕಾಲ ಮೀರಿದೆ ಅಂತ ಅರ್ಥ. ಗಾತ್ರ ಎರಡು ಪಟ್ಟು ಆಗುವವರೆಗೆ ಕಾಯಲೇಬಾರದು. ನಿಮ್ಮ ಊರಲ್ಲಿ 15-20 ನಿಮಿಷ ಸಾಕು.

ಬೇಕರಿ_ಹುಡುಗ
ಇಬ್ಬರೂ ಒಂದು ಹಂತ ಬಿಟ್ಟಿರಿ. ಮೊದಲ ಉಬ್ಬು ಆದ ಮೇಲೆ ಮತ್ತೆ ನಾದಬೇಕು. ಅವರ ಪೋಸ್ಟಿನಲ್ಲಿ ಅದು ಇಲ್ಲವೇ ಇಲ್ಲ. ನೇರವಾಗಿ "ಉಂಡೆ ಮಾಡಿ" ಅಂದಿದ್ದಾರೆ. ಬ್ರೆಡ್ಡಿಗೆ ಅದು ನಡೆಯುತ್ತದೆ, ಬಾವೊಗೆ ನಡೆಯುವುದಿಲ್ಲ. ಒಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕಬೇಕು. ಹಿಟ್ಟಿನ ಮುದ್ದೆಯನ್ನು ಚಾಕುವಿನಲ್ಲಿ ಕತ್ತರಿಸಿ ನೋಡಿ. ಕತ್ತರಿಸಿದ ಮುಖದಲ್ಲಿ ತೂತು ಕಂಡರೆ ಇನ್ನೂ ನಾದಿ. ಮುಖ ಒಂದೇ ಸಮ ನುಣ್ಣಗೆ ಕಂಡಾಗ ಮಾತ್ರ ಉಂಡೆ ಮಾಡಿ. ದೊಡ್ಡ ಗುಳ್ಳೆ ಉಳಿದುಕೊಂಡರೆ ಬೇಯುವಾಗ ಸೇರಿಕೊಂಡು ಇನ್ನೂ ದೊಡ್ಡದಾಗುತ್ತವೆ. ಆಮೇಲೆ ಕುಸಿಯದೆ ಇನ್ನೇನಾಗುತ್ತದೆ?

ಕಾಫಿ_ಫಿಲ್ಟರ್
ಹಳದಿ ಕಲೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ. ಅದು ಮುಚ್ಚಳದಿಂದ ತೊಟ್ಟಿಕ್ಕಿದ ನೀರು. ಇಡ್ಲಿಗೆ ಎರಡು ಹನಿ ಬಿದ್ದರೆ ಏನೂ ಗೊತ್ತಾಗುವುದಿಲ್ಲ. ಬಾವೊ ಸಿಪ್ಪೆಯ ಮೇಲೆ ಬಿದ್ದರೆ ಆ ಜಾಗ ಉಬ್ಬದೆ ಪಾರದರ್ಶಕವಾಗಿ ಕೂತುಬಿಡುತ್ತದೆ. ಬಿದಿರಿನ ಬುಟ್ಟಿಯಲ್ಲಿ ಈ ತೊಂದರೆ ಕಡಿಮೆ, ಬಿದಿರಿನ ಮುಚ್ಚಳ ಹಬೆಯನ್ನು ಹೀರುತ್ತದೆ, ಸ್ವಲ್ಪ ಹೊರಗೂ ಬಿಡುತ್ತದೆ. ಸ್ಟೀಲ್ ಮುಚ್ಚಳಕ್ಕೆ ಒಳಗಿನಿಂದ ಒಂದು ತೆಳು ಹತ್ತಿ ಬಟ್ಟೆ ಕಟ್ಟಿ. ತುದಿಗಳನ್ನು ಮೇಲಕ್ಕೆ ಎತ್ತಿ ಹಿಡಿಯ ಹತ್ತಿರ ಗಂಟು ಹಾಕಿ, ಇಲ್ಲದಿದ್ದರೆ ಬೆಂಕಿಗೆ ತಾಗುತ್ತದೆ.

ಕಡಲತೀರದ_ಅಡುಗೆಮನೆ
ಬಟ್ಟೆ ಕಟ್ಟಿ ನೋಡುತ್ತೇನೆ. ಆದರೆ ಮುಕ್ಕಾಲು ಗಂಟೆ ನಾನು ಕಂಡುಹಿಡಿದದ್ದಲ್ಲ, ನೋಡಿದ ರೆಸಿಪಿಗಳಲ್ಲೆಲ್ಲ ಅದೇ ಇದೆ!

ಶಾಂಘೈ_ರಿಟರ್ನ್
ಆ ರೆಸಿಪಿ ಬರೆದವರು ತಣ್ಣನೆ ದೇಶದಲ್ಲಿ ಇರಬಹುದು. 18 ಡಿಗ್ರಿ ಅಡುಗೆಮನೆಗೂ 32 ಡಿಗ್ರಿ ಅಡುಗೆಮನೆಗೂ ಒಂದೇ ಸಮಯ ಹೇಗೆ ಆಗುತ್ತದೆ? ಇನ್ನೊಂದು ವಿಷಯ. ಇನ್‌ಸ್ಟಂಟ್ ಈಸ್ಟ್ ಬಳಸುವ ಎಷ್ಟೋ ಚೀನೀ ಮನೆಗಳಲ್ಲಿ ಈಗ ಮೊದಲ ಉಬ್ಬನ್ನೇ ಕೈಬಿಟ್ಟಿದ್ದಾರೆ. ಚೆನ್ನಾಗಿ ನಾದಿ, ಹತ್ತು ನಿಮಿಷ ಬಿಟ್ಟು, ತಕ್ಷಣ ಹೂರಣ ತುಂಬಿ, ಒಂದೇ ಸಲ ಉಬ್ಬಿಸಿ ಬೇಯಿಸುತ್ತಾರೆ. ಸೆಕೆ ಊರಿಗೆ ಇದೇ ವಾಸಿ.

ಬೇಕರಿ_ಹುಡುಗ
ಒಂದೇ ಉಬ್ಬಿನಲ್ಲಿ ರುಚಿ ಎಲ್ಲಿ ಬರುತ್ತದೆ ಸರ್? ಹಿಟ್ಟಿನ ಪರಿಮಳವೇ ಇರುವುದಿಲ್ಲ.

ಶಾಂಘೈ_ರಿಟರ್ನ್
ಹೂರಣ ಇರುವ ತಿಂಡಿಗೆ ಅಷ್ಟು ಪರಿಮಳ ಸಾಕು. ಹೂರಣವಿಲ್ಲದ ಬನ್, ಅಂದರೆ ಮಾಂಟೋ, ಮಾಡುವುದಾದರೆ ನಿಮ್ಮ ಮಾತು ಒಪ್ಪುತ್ತೇನೆ.

ಅತ್ತೆಮನೆ_ಸೊಸೆ
ಚಿಟಿಕೆ ಅಡುಗೆ ಸೋಡಾ ಹಾಕಿ, ಹತ್ತಿಯ ಹಾಗೆ ಬರುತ್ತದೆ.

ಬೇಕರಿ_ಹುಡುಗ
ದಯವಿಟ್ಟು ಬೇಡ. ಸೋಡಾ ಕ್ಷಾರ. ಗೋಧಿಯಲ್ಲಿ ಇರುವ ಬಣ್ಣದ ಅಂಶ ಕ್ಷಾರ ತಾಗಿದರೆ ಹಳದಿಯಾಗುತ್ತದೆ. ಈಗ ಅಲ್ಲಲ್ಲಿ ಇರುವ ಹಳದಿ ಆಮೇಲೆ ಮೈಪೂರ್ತಿ ಬರುತ್ತದೆ, ವಾಸನೆ ಬೇರೆ. ಹಿಂದೆ ಚೀನಾದಲ್ಲಿ ಹಿಂದಿನ ದಿನದ ಹಿಟ್ಟಿನ ತುಂಡನ್ನೇ ಹುದುಗಾಗಿ ಹಾಕುತ್ತಿದ್ದರು. ಅದು ಹುಳಿ ಬರುತ್ತದೆ, ಆ ಹುಳಿ ಕಳೆಯಲು ಕ್ಷಾರ ಬೆರೆಸುತ್ತಿದ್ದರು. ಹೆಚ್ಚಾದರೆ ಹಳದಿ, ಕಡಿಮೆಯಾದರೆ ಹುಳಿ. ಅದನ್ನು ಹದವಾಗಿ ಹಾಕುವುದೇ ದೊಡ್ಡ ಕೈಚಳಕ. ಪೊಟ್ಟಣದ ಈಸ್ಟ್ ಇರುವಾಗ ಅದೆಲ್ಲ ಯಾಕೆ? ಬೇಕಿದ್ದರೆ 500 ಗ್ರಾಂಗೆ ಒಂದು ಚಮಚ ಬೇಕಿಂಗ್ ಪೌಡರ್ ಹಾಕಿ, ಅದು ಬೇರೆ ವಸ್ತು.

ಅತ್ತೆಮನೆ_ಸೊಸೆ
ಸರಿ ಸರಿ, ಬೈಯಬೇಡಿ 😄

ಮಲ್ನಾಡ್_ಮಳೆ
ಇಷ್ಟೆಲ್ಲ ರಗಳೆ ಯಾಕೆ ಮಾರಾಯ್ರೆ, ಮೋಮೊ ಮಾಡಿ. ಈಸ್ಟೂ ಬೇಡ, ಉಬ್ಬುವುದೂ ಬೇಡ, ಕುಸಿಯುವುದೂ ಇಲ್ಲ.

ಕುಶಾಲನಗರ_ಎಕ್ಸ್‌ಪ್ರೆಸ್
ಮೋಮೊ ಬೇರೆ, ಬಾವೊ ಬೇರೆ. ನಾನು ಬೈಲಕುಪ್ಪೆ ಪಕ್ಕದವನು, ಅಲ್ಲಿನ ಟಿಬೆಟನ್ನರ ಅಂಗಡಿಗಳಲ್ಲಿ ತಿಂದೇ ಬೆಳೆದದ್ದು. ಮೋಮೊಗೆ ಹುದುಗು ಬರಿಸದ ತೆಳು ಕಣಕ. ಉಬ್ಬಿದ ಹಿಟ್ಟು ಬೇಕಿದ್ದರೆ ಅವರ ಟಿಂಗ್ಮೊ ಇದೆ, ಆದರೆ ಅದರಲ್ಲಿ ಹೂರಣ ಇರುವುದಿಲ್ಲ. ಪದರ ಪದರವಾಗಿ ಬಿಡಿಸಿಕೊಂಡು ಸಾರಿನ ಜೊತೆ ತಿನ್ನುವುದು. 1960ರ ದಶಕದ ಆರಂಭದಲ್ಲಿ ಇಲ್ಲಿ ನೆಲೆ ಸಿಕ್ಕಿದವರು ತಮ್ಮ ಅಡುಗೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಬಾವೊ ಕಲಿಯುವವರು ಅಲ್ಲಿ ಒಂದು ಸಲ ಟಿಂಗ್ಮೊ ತಿಂದರೆ ಹಬೆಯಲ್ಲಿ ಬೆಂದ ಉಬ್ಬಿದ ಹಿಟ್ಟು ಬಾಯಿಗೆ ಹೇಗಿರಬೇಕು ಅಂತ ಗೊತ್ತಾಗುತ್ತದೆ.

ಇಂದಿರಾನಗರ_ಈಟ್ಸ್
ಬೆಂಗಳೂರಿನ ಕೆಫೆಗಳಲ್ಲಿ ಬಾವೊ ತಿಂದಿದ್ದೇನೆ. ಅದರಲ್ಲಿ ನೆರಿಗೆ ಏನೂ ಇರುವುದಿಲ್ಲ. ಅರ್ಧ ಮಡಚಿ ಮಧ್ಯೆ ಪನೀರೋ ಚಿಕನ್ನೋ ಇಟ್ಟಿರುತ್ತಾರೆ. ಅದೇ ಸುಲಭ ಅಲ್ವಾ?

ಶಾಂಘೈ_ರಿಟರ್ನ್
ಅದು ಗ್ವಾ ಬಾವೊ, ತೈವಾನಿನಲ್ಲಿ ಹೆಸರಾದದ್ದು. ಖಾಲಿ ಹಾಳೆ ಮಡಚಿ ಬೇಯಿಸಿ, ಆಮೇಲೆ ಹೂರಣ ಇಡುವುದು. ಕೆಫೆಗಳು ಬರೀ "ಬಾವೊ" ಅಂತ ಬರೆಯುವುದರಿಂದ ಜನ ಇದನ್ನೇ ಬಾವೊ ಅಂದುಕೊಂಡಿದ್ದಾರೆ. ಈ ಪೋಸ್ಟ್ ಒಳಗೇ ಹೂರಣ ಮುಚ್ಚಿ ಬೇಯಿಸುವ ಬಾವೋಜ಼ ಬಗ್ಗೆ.

ಮಾಧ್ವ_ಭೋಜನ
ನಮ್ಮ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಹಾಕುವುದಿಲ್ಲ. ಹಾಗಾದರೆ ಇದು ನಮಗೆ ಆಗದ ಮಾತು ಬಿಡಿ.

ಶಾಂಘೈ_ರಿಟರ್ನ್
ಯಾಕೆ ಆಗುವುದಿಲ್ಲ? ಚೀನಾದ ಬೌದ್ಧ ಮಠಗಳ ಸಸ್ಯಾಹಾರದಲ್ಲೂ ಈರುಳ್ಳಿ ಜಾತಿ, ಬೆಳ್ಳುಳ್ಳಿ ನಿಷಿದ್ಧ. ಶಾಂಘೈಯಲ್ಲಿ ಗೊಂಗ್‌ಡೆಲಿನ್ ಅಂತ 1922ರಲ್ಲಿ ಶುರುವಾದ ಸಸ್ಯಾಹಾರಿ ಹೋಟೆಲ್ ಇದೆ. ಆ ಊರಲ್ಲಿ ಸಸ್ಯಾಹಾರಿ ಬಾವೊ ಅಂದರೆ ಸೊಪ್ಪು ಮತ್ತು ಶಿಟಾಕೆ ಅಣಬೆ. ನಾನು ಮಾಂಸ ತಿನ್ನುವವನೇ, ಆದರೂ ಬೆಳಗಿನ ತಿಂಡಿಗೆ ಅದನ್ನೇ ಜಾಸ್ತಿ ತಿನ್ನುತ್ತಿದ್ದೆ.

ಮಾಡುವುದು ಹೀಗೆ. ಒಣ ಶಿಟಾಕೆ ನೆನೆಸಿ, ಹಿಂಡಿ, ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಸೋಯಾ ಸಾಸ್, ಚಿಟಿಕೆ ಸಕ್ಕರೆ ಹಾಕಿ ಬಾಡಿಸಿ. ಬೊಕ್ ಚಾಯ್ ಸೊಪ್ಪನ್ನು ಕುದಿಯುವ ನೀರಿಗೆ ಹಾಕಿ ಅರ್ಧ ನಿಮಿಷದಲ್ಲಿ ತೆಗೆದು ತಣ್ಣೀರಿಗೆ ಹಾಕಿ. ಆಮೇಲೆ ಹೆಚ್ಚಿ, ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಬೇಕು. ಇನ್ನು ನೀರಿಲ್ಲ ಅನ್ನಿಸಿದ ಮೇಲೂ ಇನ್ನೊಮ್ಮೆ ಹಿಂಡಿ, ಬರುತ್ತದೆ. ಈಗ ಮೊದಲು ಎಣ್ಣೆ ಕಲಸಿ, ಉಪ್ಪು ಕೊನೆಗೆ, ತುಂಬುವ ಮುಂಚೆ ಮಾತ್ರ. ಎಣ್ಣೆ ಸವರಿದ ಸೊಪ್ಪು ಉಪ್ಪಿಗೆ ಅಷ್ಟು ಬೇಗ ನೀರು ಬಿಡುವುದಿಲ್ಲ. ಬೊಕ್ ಚಾಯ್ ಸಿಗದಿದ್ದರೆ ಎಲೆಕೋಸು ಆಗುತ್ತದೆ. ಹೆಚ್ಚಿ ಉಪ್ಪು ಹಾಕಿ ಇಪ್ಪತ್ತು ನಿಮಿಷ ಬಿಟ್ಟು ಹಿಂಡಿ.

ಮಾಧ್ವ_ಭೋಜನ
ಇದು ಗೊತ್ತೇ ಇರಲಿಲ್ಲ. ಧನ್ಯವಾದ. ಎಳ್ಳೆಣ್ಣೆ ಮನೆಯಲ್ಲೇ ಇದೆ, ಅದನ್ನೇ ಹಾಕಬಹುದಲ್ಲ?

ಬೇಕರಿ_ಹುಡುಗ
ಹಾಕಬಹುದು, ಆದರೆ ಆ ಘಮ ಬರುವುದಿಲ್ಲ. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿನದು. ಅವರದ್ದು ಹುರಿದ ಎಳ್ಳಿನ ಎಣ್ಣೆ, ಬಣ್ಣವೂ ಕಂದು. ಅದು ಸಿಗದಿದ್ದರೆ ಎಳ್ಳು ಹುರಿದು ಪುಡಿ ಮಾಡಿ ಹೂರಣಕ್ಕೆ ಸೇರಿಸಿ.

ಕಾಫಿ_ಫಿಲ್ಟರ್
ಹೂರಣ ಬಿಸಿ ಇರುವಾಗ ತುಂಬಬೇಡಿ ಅಂತಲೂ ಸೇರಿಸಿ. ಕೆಳಗಿನ ಕಣಕ ಒದ್ದೆಯಾಗಿ ಹಸಿ ಹಸಿ ಉಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟ ಹೂರಣ ತುಂಬುವುದಕ್ಕೂ ಸುಲಭ.

ತಿಂಡಿಪೋತ
ಸಿಹಿ ಬಾವೊ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಾನು ಕಡಲೆಬೇಳೆ ಹೋಳಿಗೆ ಹೂರಣ ತುಂಬಿದ್ದೆ. ಸೂಪರ್.

ಸಿಂಗಪುರ_ಸಂಪಿಗೆ
ಏಲಕ್ಕಿ ಬೆಲ್ಲ ಹಾಕಿ "ಚೀನೀ ಬಾವೊ" ಅನ್ನಬೇಡಿ ಮತ್ತೆ 😀 ಚೆನ್ನಾಗಿರಬಹುದು, ನಾನೇನೂ ಬೇಡ ಅನ್ನುವುದಿಲ್ಲ. ಅವರ ಸಿಹಿ ಹೂರಣ ಕೆಂಪು ಅಡ್ಜುಕಿ ಕಾಳಿನದು. ಬೇಯಿಸಿ, ಅರೆದು, ಸಕ್ಕರೆ ಎಣ್ಣೆ ಹಾಕಿ ಮಗುಚಿ ಮಗುಚಿ ಗಟ್ಟಿ ಮಾಡುತ್ತಾರೆ. ಊರಲ್ಲಿ ಕೆಂಪು ಅಲಸಂದೆ ಕಾಳಿನಲ್ಲಿ ಮಾಡಿದರೆ ಹತ್ತಿರ ಬರುತ್ತದೆ. ತಾವರೆ ಬೀಜದ ಹೂರಣವೂ ಇಲ್ಲಿ ಜನಪ್ರಿಯ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಇಲ್ಲಿ, ಮಲೇಷ್ಯಾದಲ್ಲಿ, ಹಾಂಗ್‌ಕಾಂಗ್‌ನಲ್ಲಿ ಸಿಹಿ ಬಾವೊ ಅಂದ ಮಾತ್ರಕ್ಕೆ ಸಸ್ಯಾಹಾರ ಅಂತ ತಿಳಿಯಬೇಡಿ. ಹಿಟ್ಟಿಗೋ ಹೂರಣಕ್ಕೋ ಹಂದಿ ಕೊಬ್ಬು ಹಾಕುವ ಅಂಗಡಿಗಳು ಎಷ್ಟೋ ಇವೆ. ಕೇಳಿಯೇ ತಿನ್ನಿ. ಊರಿಂದ ಅಪ್ಪ ಅಮ್ಮ ಬಂದಾಗ ನಾನು ಮನೆಯಲ್ಲೇ ಮಾಡುವುದು ಇದೇ ಕಾರಣಕ್ಕೆ.

ಮಲ್ನಾಡ್_ಮಳೆ
ಮೇಲೆ ಬಿರುಕು ಬಿಟ್ಟು ಹೂವಿನ ಹಾಗೆ ಬಾಯಿ ತೆರೆದಿರುತ್ತದಲ್ಲ, ಆ ಬಾವೊ ಹೇಗೆ ಮಾಡುತ್ತಾರೆ? ಡಿಮ್ ಸಮ್ (ಚೀನೀ ಸಣ್ಣ ತಿಂಡಿಗಳು) ಜೊತೆ ಕೊಡುವುದು.

ಸಿಂಗಪುರ_ಸಂಪಿಗೆ
ಅದು ಕ್ಯಾಂಟನೀಸರ ಚಾರ್ ಸ್ಯೂ ಬಾವೊ, ಒಳಗೆ ಸಿಹಿ-ಉಪ್ಪು ರುಚಿಯ ಹಂದಿ ಮಾಂಸ. ಅದಕ್ಕೆ ಅಂಟು (ಗ್ಲುಟೆನ್) ಕಡಿಮೆ ಇರುವ ಬಿಳಿ ಹಿಟ್ಟು, ಸಕ್ಕರೆ ಜಾಸ್ತಿ. ಈಸ್ಟಿನ ಜೊತೆ ಬೇಕಿಂಗ್ ಪೌಡರ್, ಎಷ್ಟೋ ಕಡೆ ಅಮೋನಿಯಂ ಬೈಕಾರ್ಬೊನೇಟ್ ಕೂಡ ಹಾಕಿ ಜೋರು ಹಬೆಯಲ್ಲಿ ಬೇಯಿಸುತ್ತಾರೆ. ಒಳಗಿನ ಅನಿಲ ಒಮ್ಮೆಲೇ ನುಗ್ಗಿ ಮೇಲೆ ಸೀಳುತ್ತದೆ. ಮನೆಯಲ್ಲಿ ಅದರ ಹಿಂದೆ ಬೀಳಬೇಡಿ. ಮೈದಾದಲ್ಲಿ ಹತ್ತನೇ ಒಂದು ಭಾಗ ತೆಗೆದು ಕಾರ್ನ್‌ಫ್ಲೋರ್ ಹಾಕಿದರೆ ಮೃದು ಆಗುತ್ತದೆ, ಅಷ್ಟು ಸಾಕು.

ಆರೋಗ್ಯವೇ_ಭಾಗ್ಯ
ಮೈದಾ ವಿಷ. ಗೋಧಿ ಹಿಟ್ಟಲ್ಲಿ ಮಾಡಿ.

ತಿಂಡಿಪೋತ
ಬಂದರಪ್ಪಾ.

ಬೇಕರಿ_ಹುಡುಗ
ವಿಷ ಅಲ್ಲ, ನಾರು ಕಡಿಮೆ ಅಷ್ಟೇ. ಚಕ್ಕಿ ಹಿಟ್ಟು ಮಾತ್ರ ಹಾಕಿದರೆ ಬಾವೊ ಗಟ್ಟಿಯಾಗುತ್ತದೆ, ತವುಡು ಅಂಟಿನ ಎಳೆಯನ್ನು ಕತ್ತರಿಸುತ್ತದೆ. ಮೂರರಲ್ಲಿ ಒಂದು ಪಾಲು ಗೋಧಿ ಹಿಟ್ಟು ಹಾಕಿ ನೋಡಿ, ನೀರು ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಬಣ್ಣ ಕಂದು, ರುಚಿ ಚೆನ್ನಾಗಿಯೇ ಇರುತ್ತದೆ.

ಇಂದಿರಾನಗರ_ಈಟ್ಸ್
ನೆರಿಗೆ ಹಾಕುವುದು ಯಾರಾದರೂ ವಿವರಿಸಿ. ವಿಡಿಯೊದಲ್ಲಿ ಅವರ ಕೈ ಎಷ್ಟು ಬೇಗ ಓಡುತ್ತದೆ ಅಂದರೆ ಏನೂ ಕಾಣುವುದಿಲ್ಲ.

ಶಾಂಘೈ_ರಿಟರ್ನ್
ಮೊದಲು ಲಟ್ಟಿಸುವುದು ಸರಿ ಇರಬೇಕು. 40 ಗ್ರಾಂ ಉಂಡೆ, ಅಂಗೈ ಅಗಲದ ಹಾಳೆ. ನಡುವೆ ದಪ್ಪ, ಅಂಚು ತೆಳು. ಎಡಗೈಯಲ್ಲಿ ಹಾಳೆ ತಿರುಗಿಸುತ್ತಾ ಲಟ್ಟಣಿಗೆಯನ್ನು ಅಂಚಿನಿಂದ ನಡುವಿನವರೆಗೆ ಮಾತ್ರ ಓಡಿಸಿ ವಾಪಸ್ ತನ್ನಿ. ನಡು ದಾಟಬಾರದು.

ಹಾಳೆಯನ್ನು ಎಡ ಅಂಗೈ ಗುಳಿಯಲ್ಲಿ ಇಟ್ಟು 25 ಗ್ರಾಂ ಹೂರಣ ಹಾಕಿ. ಎಡಗೈ ಹೆಬ್ಬೆರಳು ಹೂರಣದ ಮೇಲೆ ಇರಲಿ, ಅದು ಹೂರಣವನ್ನು ಕೆಳಗೆ ಒತ್ತುತ್ತಾ ಇರಬೇಕು. ಬಲಗೈ ಹೆಬ್ಬೆರಳು ಅಂಚಿನ ಒಳಗೆ, ತೋರುಬೆರಳು ಹೊರಗೆ. ಬಲ ಹೆಬ್ಬೆರಳು ಇದ್ದಲ್ಲೇ ಇರುತ್ತದೆ. ತೋರುಬೆರಳು ಮಾತ್ರ ಮುಂದೆ ಹೋಗಿ ಒಂದು ಚೂರು ಅಂಚನ್ನು ಎಳೆದು ತಂದು ಹೆಬ್ಬೆರಳಿಗೆ ಒತ್ತುತ್ತದೆ. ಹಾಗೆ ಒತ್ತಿದ್ದೆಲ್ಲ ಹೆಬ್ಬೆರಳ ಸುತ್ತ ಸೇರುತ್ತಾ ಹೋಗುತ್ತದೆ. ಕೊನೆಗೆ ಹೆಬ್ಬೆರಳು ಹೊರಗೆ ತೆಗೆದು ಬಾಯಿ ತಿರುಚಿ ಮುಚ್ಚಿ. ಅಂಚಿಗೆ ಎಣ್ಣೆಯ ಹೂರಣ ತಾಗಿದರೆ ಏನು ಮಾಡಿದರೂ ಅಂಟುವುದಿಲ್ಲ.

ತಿಯಾಂಜಿನ್ ಊರಿನ ಗೋಬುಲಿ ಅಂಗಡಿ 1858ರದ್ದು, ಅವರ ಬಾವೊಗೆ 18 ನೆರಿಗೆ ಅಂತ ಹೆಸರು. ಮನೆಯಲ್ಲಿ ಎಂಟು ಬಂದರೂ ಯಾರೂ ಎಣಿಸುವುದಿಲ್ಲ.

ಇತಿಹಾಸ_ಮೇಷ್ಟ್ರು
ಬಾವೊ ಕಂಡುಹಿಡಿದದ್ದು 3ನೇ ಶತಮಾನದ ಸೇನಾನಿ ಝೂಗೆ ಲಿಯಾಂಗ್. ನದಿ ದಾಟಲು ನರಬಲಿ ಕೊಡಬೇಕು ಅಂದಾಗ ಹಿಟ್ಟಿನಲ್ಲಿ ತಲೆ ಮಾಡಿ, ಮಾಂಸ ತುಂಬಿ ಅರ್ಪಿಸಿದ.

ಕಾಫಿ_ಫಿಲ್ಟರ್
ಮೇಷ್ಟ್ರೇ, ಅದು ಐತಿಹ್ಯ. ಅವನು ಸತ್ತು ನೂರಾರು ವರ್ಷ ಆದ ಮೇಲೆ ಬರೆದದ್ದು. ಸೋಂಗ್ ರಾಜವಂಶದ ಕಾಲಕ್ಕೆ ಬಂದರೆ ಮಾತ್ರ ನೆಲ ಗಟ್ಟಿ. ರಾಜಧಾನಿ ಕೈಫೆಂಗ್‌ನ ನೆನಪುಗಳನ್ನು 12ನೇ ಶತಮಾನದಲ್ಲಿ ಬರೆದವರು ಅಲ್ಲಿನ ಬಾವೊ ಅಂಗಡಿಯನ್ನು ಹೆಸರಿಟ್ಟು ಹೇಳಿದ್ದಾರೆ.

ಇತಿಹಾಸ_ಮೇಷ್ಟ್ರು
ಐತಿಹ್ಯ ಅಂತಲೇ ಹೇಳಬೇಕಿತ್ತು, ಒಪ್ಪಿದೆ. ಆದರೆ ಕಥೆ ಚೆನ್ನಾಗಿದೆ ಅಲ್ವಾ?

ತಿಂಡಿಪೋತ
ಷಿ ಜಿನ್‌ಪಿಂಗ್ 2013ರ ಡಿಸೆಂಬರ್‌ನಲ್ಲಿ ಬೀಜಿಂಗಿನ ಚಿಂಗ್‌ಫೆಂಗ್ ಅಂಗಡಿಯಲ್ಲಿ ಕ್ಯೂ ನಿಂತು 21 ಯುವಾನ್ ಕೊಟ್ಟು ಬಾವೊ ಊಟ ತಗೊಂಡಿದ್ದರು. ಆಮೇಲೆ ಆ ಅಂಗಡಿಗೆ ಜನ ಮುಗಿಬಿದ್ದರು. ನಮ್ಮಲ್ಲಿ ಚುನಾವಣೆ ಬಂದರೆ ನಾಯಕರು ದರ್ಶಿನಿಯಲ್ಲಿ ದೋಸೆ ಹೊಯ್ಯುತ್ತಾರೆ, ಅಷ್ಟೇ ವ್ಯತ್ಯಾಸ.

ಮಲ್ನಾಡ್_ಮಳೆ
ರಾಜಕೀಯ ಬೇಡ ಮಾರಾಯ್ರೆ, ಈ ಪೋಸ್ಟಿಗೆ ಬೀಗ ಬೀಳುತ್ತದೆ.

ಕಡಲತೀರದ_ಅಡುಗೆಮನೆ
ವರದಿ ಕೊಡುತ್ತಿದ್ದೇನೆ. ಹೂರಣ ತುಂಬಿ 20 ನಿಮಿಷಕ್ಕೆ ಒಲೆಗೆ ಇಟ್ಟೆ, ಮುಚ್ಚಳಕ್ಕೆ ಬಟ್ಟೆ ಕಟ್ಟಿದೆ. ಹಳದಿ ಕಲೆ ಮಾಯ. ಕುಸಿಯುವುದೂ ನಿಂತಿತು, ಆದರೆ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿವೆ. ಕುದಿಯುವ ನೀರಿನ ಮೇಲೆ ಇಟ್ಟದ್ದಕ್ಕಾ?

ಬೇಕರಿ_ಹುಡುಗ
ಗುಳ್ಳೆ ನಾನು ಹೇಳಿದ ಮರುನಾದುವಿಕೆ ಸಾಲದ್ದಕ್ಕೆ. ಕುದಿಯುವ ನೀರೇ ಸರಿ.

ಶಾಂಘೈ_ರಿಟರ್ನ್
ಗುಳ್ಳೆ ವಿಷಯದಲ್ಲಿ ಇವರು ಸರಿ. ನೀರಿನ ವಿಷಯದಲ್ಲಿ ಅಲ್ಲ. ನಾನು ತಣ್ಣೀರಿನಿಂದಲೇ ಶುರು ಮಾಡುತ್ತೇನೆ. ನೀರು ಕಾಯುವಷ್ಟು ಹೊತ್ತು ಬಾವೊ ನಿಧಾನವಾಗಿ ಉಬ್ಬುತ್ತದೆ. ಕುದಿ ಬಂದ ಮೇಲೆ 12 ನಿಮಿಷ ಲೆಕ್ಕ.

ಬೇಕರಿ_ಹುಡುಗ
ಒಬ್ಬೊಬ್ಬರ ಒಲೆ ಒಂದೊಂದು ಥರ. ನೀರು ಕಾಯಲು ಎಷ್ಟು ಹೊತ್ತು ಬೇಕು ಅಂತ ಹೇಗೆ ಹೇಳುತ್ತೀರಿ? ಮಂಗಳೂರಿನಲ್ಲಿ ಅಷ್ಟರಲ್ಲಿ ಮತ್ತೆ ಹೆಚ್ಚು ಉಬ್ಬುತ್ತದೆ.

ಶಾಂಘೈ_ರಿಟರ್ನ್
ಹಾಗಿದ್ದರೆ ಹೊರಗಿಡುವ ಸಮಯವನ್ನು ಹತ್ತು ನಿಮಿಷ ಮಾಡಿ. ಈ ಜಗಳ ಚೀನಾದ ಮನೆಗಳಲ್ಲೇ ಮುಗಿದಿಲ್ಲ, ನಾವು ಇಲ್ಲಿ ಮುಗಿಸುತ್ತೇವಾ?

ಅತ್ತೆಮನೆ_ಸೊಸೆ
ತಳಕ್ಕೆ ಅಂಟದ ಹಾಗೆ ಏನು ಹಾಕುತ್ತೀರಿ? ಬಟರ್ ಪೇಪರ್ ತರುವುದು ಮರೆತರೆ?

ಕಾಫಿ_ಫಿಲ್ಟರ್
ಬಾಳೆ ಎಲೆ. ಬೆಂಕಿಯಲ್ಲಿ ಬಾಡಿಸಿ, ಚೌಕಾಕಾರ ಕತ್ತರಿಸಿ, ಎಣ್ಣೆ ಸವರಿ. ಚೀನಾದಲ್ಲೂ ಕೋಸಿನ ಎಲೆ ಹಾಸುವವರಿದ್ದಾರೆ. ಒಂದಕ್ಕೊಂದು ಎರಡು ಬೆರಳು ಜಾಗ ಬಿಡಿ.

ಕೋಲ್ಕತ್ತಾ_ಟ್ರಾನ್ಸ್‌ಫರ್
ಕೆಲಸದ ಮೇಲೆ ಕೋಲ್ಕತ್ತಾಗೆ ಹೋಗುವವರು ಭಾನುವಾರ ಬೆಳ್ಳಂಬೆಳಿಗ್ಗೆ ಟಿರೆಟ್ಟಾ ಬಜಾರಿಗೆ ಹೋಗಿ. ಅಲ್ಲಿನ ಚೀನೀ ಕುಟುಂಬಗಳು ರಸ್ತೆ ಬದಿಯಲ್ಲಿ ಬಾವೊ ಮಾರುತ್ತಾರೆ. ತಡವಾಗಿ ಎದ್ದರೆ ಖಾಲಿ ಪಾತ್ರೆ ನೋಡಿಕೊಂಡು ಬರಬೇಕು.

ಮಲ್ನಾಡ್_ಮಳೆ
ಹಬೆ ಬಿಟ್ಟು ತವಾ ಮೇಲೆ ಮಾಡುವುದೂ ಇದೆಯಂತಲ್ಲ?

ಶಾಂಘೈ_ರಿಟರ್ನ್
ಶೆಂಗ್ ಜಿಯಾನ್! ಶಾಂಘೈಯ ನಿಜವಾದ ತಿಂಡಿ ಅದೇ. ದಪ್ಪ ತಳದ ಅಗಲ ಬಾಣಲೆಗೆ ಎಣ್ಣೆ ಹಾಕಿ ಸಣ್ಣ ಬಾವೊಗಳನ್ನು ಒತ್ತೊತ್ತಾಗಿ ಜೋಡಿಸಿ. ತಳ ಹೊಂಬಣ್ಣ ಬಂದಾಗ ಬಾವೊಗಳ ಮೂರನೇ ಒಂದು ಎತ್ತರದವರೆಗೆ ನೀರು ಹೊಯ್ದು ತಕ್ಷಣ ಮುಚ್ಚಿ. ಮೊದಲು ಕೊತಕೊತ ಸದ್ದು ಇರುತ್ತದೆ. ನೀರು ಇಂಗಿದ ಮೇಲೆ ಅದು ಚಿಟಪಟ ಅಂತ ಬದಲಾಗುತ್ತದೆ. ಆಗ ಮುಚ್ಚಳ ತೆಗೆದು ಎಳ್ಳು, ಈರುಳ್ಳಿ ಸೊಪ್ಪು ಉದುರಿಸಿ ಒಂದು ನಿಮಿಷ ತಳ ಗರಿ ಮಾಡಿ. ಒಟ್ಟು ಹತ್ತು ನಿಮಿಷದ ಕೆಲಸ. ಅಲ್ಲಿ ಒಳಗೆ ಮಾಂಸದ ರಸ ತುಂಬಿರುತ್ತದೆ, ಪಕ್ಕದಲ್ಲಿ ಸಣ್ಣ ತೂತು ಕಚ್ಚಿ ರಸ ಹೀರಿ ಆಮೇಲೆ ತಿನ್ನಬೇಕು. ಗೊತ್ತಿಲ್ಲದೆ ಕಚ್ಚಿದವರ ಅಂಗಿಗೆ ಹಾರುತ್ತದೆ.

ತಿಂಡಿಪೋತ
ಇದನ್ನು ಮೊದಲೇ ಹೇಳಬಾರದಿತ್ತಾ? ಇಡ್ಲಿ ಪಾತ್ರೆ ಒಳಗಿಟ್ಟೆ, ಬಾಣಲೆ ಹೊರಗೆ ಬಂತು.

ಅತ್ತೆಮನೆ_ಸೊಸೆ
ಮಕ್ಕಳ ಡಬ್ಬಿಗೆ ಹಿಂದಿನ ದಿನವೇ ಮಾಡಿಟ್ಟರೆ ನಡೆಯುತ್ತಾ? ಬೆಳಿಗ್ಗೆ ಇಷ್ಟೆಲ್ಲ ಆಗುವುದಿಲ್ಲ.

ಸಿಂಗಪುರ_ಸಂಪಿಗೆ
ಪೂರ್ತಿ ಬೇಯಿಸಿ, ಆರಿದ ಮೇಲೆ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ಗೆ ಇಡಿ. ಹಸಿಯಾಗಿಯೇ ಇಟ್ಟರೆ ಈಸ್ಟ್ ಸೊರಗುತ್ತದೆ. ಬೆಳಿಗ್ಗೆ ಕರಗಿಸದೆ ನೇರ ಹಬೆಗೆ ಇಟ್ಟು ಹತ್ತು ನಿಮಿಷ. ಮೈಕ್ರೋವೇವ್ ಆದರೆ ಒದ್ದೆ ಟಿಶ್ಯೂ ಸುತ್ತಿ, ಇಲ್ಲದಿದ್ದರೆ ಬಿಸ್ಕತ್ತಾಗುತ್ತದೆ. ಡಬ್ಬಿಗೆ ಬಿಸಿ ಬಿಸಿ ಹಾಕಿ ಮುಚ್ಚಬೇಡಿ, ತಳ ಒದ್ದೆಯಾಗುತ್ತದೆ.

ಅತ್ತೆಮನೆ_ಸೊಸೆ
ಸರಿ. ಇವತ್ತು ರಾತ್ರಿಯೇ ಅಣಬೆ ನೆನೆಹಾಕುತ್ತೇನೆ. ಒಣ ಶಿಟಾಕೆ ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಹೇಳಿ.

ಕುಶಾಲನಗರ_ಎಕ್ಸ್‌ಪ್ರೆಸ್
ಆನ್‌ಲೈನ್ ತರಿಸಿ ಅಕ್ಕ. ಅಲ್ಲಿಯವರೆಗೆ ಮಾಮೂಲಿ ಬಿಳಿ ಅಣಬೆಯನ್ನೇ ನೀರೆಲ್ಲ ಇಂಗುವವರೆಗೆ ಹುರಿದು ಹಾಕಿ.